ತಾತ ನಡೆದು ಬಂದ ದಾರಿ, ಮೊಮ್ಮಗಳ ಪೌರತ್ವ

ಪ್ರಶ್ನೆ: ನಾವು ಮಂಡ್ಯದವರು. ಮಗ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಅಲ್ಲೇ ನರ್ಸ್ ಆಗಿರುವ ಹುಡುಗಿಯನ್ನು ಮದುವೆ ಆಗುತ್ತೇನೆ ಎನ್ನುತ್ತಾನೆ. ಹುಡುಗಿ ಟಿಬೆಟನ್ನರವಳು. ಬೈಲಕುಪ್ಪೆಯಲ್ಲಿ 1996ರಲ್ಲಿ ಹುಟ್ಟಿದ್ದು. ಕನ್ನಡ ನಮ್ಮ ಹಾಗೇ ಮಾತಾಡುತ್ತಾಳೆ. ಅವಳ ತಾತ 1959ರಲ್ಲಿ ಹಿಮಾಲಯ ದಾಟಿ ನಡೆದು ಬಂದವರಂತೆ. ಅಪ್ಪ 1966ರಲ್ಲಿ ಬೈಲಕುಪ್ಪೆಯಲ್ಲೇ ಹುಟ್ಟಿದವರು. ಅಮ್ಮ ಮಾತ್ರ 1988ರಲ್ಲಿ ಟಿಬೆಟ್‌ನಿಂದ ನೇಪಾಳದ ಕಡೆಯಿಂದ ಬಂದವರು, ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. 2006ರಲ್ಲಿ ಹುಟ್ಟಿದ ತಮ್ಮ ಒಬ್ಬ ಇದ್ದಾನೆ. "ಕಳ್ಳದಾರಿಯಲ್ಲಿ ಬಂದವರ ವಂಶಕ್ಕೇ ಪೌರತ್ವ ಸಿಗಲ್ಲ, ನಾಳೆ ನಿಮ್ಮ ಮೊಮ್ಮಕ್ಕಳಿಗೂ ಕಷ್ಟ" ಎಂದು ನೆಂಟರು ಹೆದರಿಸುತ್ತಿದ್ದಾರೆ. ಆದರೆ ನಮ್ಮ ಬೀದಿಯ ಬೇಕರಿಯಲ್ಲಿರುವ ನೇಪಾಳಿ ಹುಡುಗನೂ ಪಾಸ್‌ಪೋರ್ಟ್ ಇಲ್ಲದೆ ಬಂದವನೇ. ಇಲ್ಲಿನ ಹುಡುಗಿಯನ್ನು ಮದುವೆಯಾಗಿದ್ದಾನೆ. ಅವನಿಗೆ ಸಿಗುತ್ತದಂತೆ. ಇದು ಯಾವ ಲೆಕ್ಕ? ಮದುವೆ ಆದ ಮೇಲೆ ನಮ್ಮ ಹುಡುಗಿಗೆ ಪೌರತ್ವ ಸಿಗಲು ಎಷ್ಟು ವರ್ಷ ಬೇಕು?

ಉತ್ತರ: ನೀವು ಬರೆದಿರುವ ಇಸವಿಗಳು ಸರಿ ಇದ್ದರೆ ಆ ಹುಡುಗಿಗೆ ಪೌರತ್ವ ಇನ್ನು ಮುಂದೆ ಸಿಗಬೇಕಾಗಿಲ್ಲ. 1996ರಲ್ಲಿ, ಹುಟ್ಟಿದ ದಿನವೇ ಸಿಕ್ಕಿಬಿಟ್ಟಿದೆ. ನಿಮ್ಮ ಮಗನನ್ನು ಮದುವೆಯಾದರೂ ಅವಳು ಭಾರತೀಯಳೇ, ಆಗದಿದ್ದರೂ ಭಾರತೀಯಳೇ. ಬಾಕಿ ಇರುವುದು ಅದನ್ನು ಕಾಗದದಲ್ಲಿ ತೋರಿಸುವ ಕೆಲಸ. ಅದು ಸುಲಭ ಎಂದು ನಾನು ಹೇಳುತ್ತಿಲ್ಲ.

ಕಷ್ಟ ಇರುವುದು ತಮ್ಮನಿಗೆ. ನೀವು ಅವನ ವಿಷಯ ಕೇಳಲೇ ಇಲ್ಲ, ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಮನೆ. ಅಕ್ಕ ಭಾರತೀಯಳು, ತಮ್ಮ ಅಲ್ಲ. ಇದು ಹೇಗೆ ಎಂದು ಅರ್ಥವಾದರೆ ನಿಮ್ಮ ನೆಂಟರ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಬುರುಡೆ ಎಂಬುದೂ ಅರ್ಥವಾಗುತ್ತದೆ.

ನಮ್ಮ ಪೌರತ್ವ ಕಾಯ್ದೆ 1955ರದ್ದು. ಅದರಲ್ಲಿ ಪೌರತ್ವಕ್ಕೆ ಬೇರೆ ಬೇರೆ ಬಾಗಿಲುಗಳಿವೆ. ಹುಟ್ಟಿನಿಂದ ಬರುವುದು ಒಂದು. ಅರ್ಜಿ ಹಾಕಿ ನೋಂದಣಿ ಮಾಡಿಸಿಕೊಳ್ಳುವುದು ಇನ್ನೊಂದು. ಬಹಳ ವರ್ಷ ಇಲ್ಲೇ ಬಾಳಿ ದೇಶೀಕರಣದಿಂದ ಪಡೆಯುವುದು ಮತ್ತೊಂದು. ಹುಟ್ಟಿನಿಂದ ಬರುವುದು ಹಕ್ಕು. ಅದನ್ನು ಯಾರೂ ಕೊಡಬೇಕಾಗಿಲ್ಲ. ಅರ್ಜಿಯಿಂದ ಬರುವುದು ಸರ್ಕಾರ ಮನಸ್ಸು ಮಾಡಿದರೆ ಮಾತ್ರ. ನಮ್ಮ ಜನ ಈ ಎರಡನ್ನೂ ಕಲಸಿ ಮಾತಾಡುತ್ತಾರೆ. ಅರ್ಧ ಗೊಂದಲ ಅಲ್ಲಿಂದಲೇ ಶುರು.

ಹುಟ್ಟಿನ ಬಾಗಿಲಲ್ಲಿ ಎರಡು ತಾರೀಖುಗಳನ್ನು ಗಟ್ಟಿಯಾಗಿ ನೆನಪಿಡಿ. ಒಂದು 1987ರ ಜುಲೈ 1. ಇನ್ನೊಂದು 2004ರ ಡಿಸೆಂಬರ್ 3.

1950ರ ಜನವರಿ 26ರಿಂದ 1987ರ ಜೂನ್ ಮುಗಿಯುವವರೆಗೆ ಈ ನೆಲದಲ್ಲಿ ಹುಟ್ಟಿದವರೆಲ್ಲ ಭಾರತೀಯರು. ಅಪ್ಪ ಅಮ್ಮ ಯಾರು, ಯಾವ ದೇಶದವರು, ಯಾವ ದಾರಿಯಲ್ಲಿ ಬಂದರು ಎಂದು ಕಾನೂನು ಕೇಳುತ್ತಿರಲಿಲ್ಲ. ರಾಯಭಾರಿ ಕಚೇರಿಯವರ ಮಕ್ಕಳು ಮತ್ತು ಶತ್ರು ದೇಶದವರ ಕೆಲವು ಮಕ್ಕಳನ್ನು ಬಿಟ್ಟರೆ ಬೇರೆ ಷರತ್ತೇ ಇರಲಿಲ್ಲ. 1966ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದ ಅಪ್ಪ ಈ ಸಾಲಿನವರು. ಅವರ ಅಪ್ಪ ಪಾಸ್‌ಪೋರ್ಟ್ ಇಲ್ಲದೆ ಮಂಜಿನ ಕಣಿವೆ ದಾಟಿ ಬಂದಿದ್ದು ನಿಜ. ಆದರೆ ಮಗ ಎಲ್ಲಿಂದಲೂ ಬಂದವರಲ್ಲ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹುಟ್ಟಿದವರು. ನೀವು ಮಂಡ್ಯದಲ್ಲಿ ಹುಟ್ಟಿದ ಹಾಗೇ.

1987ರ ಜುಲೈ 1ರಿಂದ ನಿಯಮ ಬಿಗಿಯಾಯಿತು. ಇಲ್ಲಿ ಹುಟ್ಟಿದ್ದರೆ ಸಾಲದು, ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಇನ್ನೊಬ್ಬರು ಯಾರು, ಹೇಗೆ ಬಂದರು ಎಂಬುದು ಆಗಲೂ ಪ್ರಶ್ನೆಯಲ್ಲ. 1996ರಲ್ಲಿ ಹುಟ್ಟಿದ ನಿಮ್ಮ ಹುಡುಗಿಗೆ ಅಪ್ಪ ಭಾರತೀಯ. ಅಲ್ಲಿಗೆ ಕೆಲಸ ಮುಗಿಯಿತು. ಅಮ್ಮ ಬಂದ ದಾರಿ ಅವಳಿಗೆ ಅಂಟುವುದಿಲ್ಲ.

2004ರ ಡಿಸೆಂಬರ್ 3ರಿಂದ ಕಥೆಯೇ ಬದಲಾಯಿತು. 2003ರಲ್ಲಿ ಪಾಸಾದ ತಿದ್ದುಪಡಿ ಅವತ್ತು ಜಾರಿಗೆ ಬಂತು. 'ಅಕ್ರಮ ವಲಸಿಗ' ಎಂಬ ಪದ ಪೌರತ್ವ ಕಾಯ್ದೆಯೊಳಗೆ ಕಾಲಿಟ್ಟದ್ದು ಆ ತಿದ್ದುಪಡಿಯಿಂದ. ಅಂದಿನಿಂದ ಹುಟ್ಟುವ ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಭಾರತೀಯರಾಗಿರಬೇಕು. ಇಲ್ಲವೇ ಒಬ್ಬರು ಭಾರತೀಯರಾಗಿ, ಇನ್ನೊಬ್ಬರು ಅಕ್ರಮ ವಲಸಿಗ ಆಗಿರಬಾರದು. ಅಂದರೆ ತಾಯಿ ನಡೆದ ದಾರಿಯ ಲೆಕ್ಕವನ್ನು ಮಗು ಒಪ್ಪಿಸಬೇಕು. ತಮ್ಮ ಹುಟ್ಟಿದ್ದು 2006ರಲ್ಲಿ. ಅಪ್ಪ ಭಾರತೀಯ. ಆದರೆ ಅಮ್ಮ ಕಾಗದವಿಲ್ಲದೆ ಬಂದವರು. ಹಾಗಾಗಿ ಹುಟ್ಟಿನ ಬಾಗಿಲು ಅವನಿಗೆ ಮುಚ್ಚಿದೆ. ಎರಡೂವರೆ ವರ್ಷ ಮುಂಚೆ ಹುಟ್ಟಿದ್ದರೆ ಅವನೂ ಅಕ್ಕನ ಜೊತೆ ಇರುತ್ತಿದ್ದ. ಕಾನೂನು ಓದಿ ಇಷ್ಟು ವರ್ಷ ಆದ ಮೇಲೂ ಇಂಥ ಮನೆಗಳ ಲೆಕ್ಕ ಬಿಡಿಸಿ ಹೇಳುವಾಗ ನನಗೆ ಬಾಯಿ ಕಟ್ಟುತ್ತದೆ.

ಅಕ್ರಮ ವಲಸಿಗ ಎಂದರೆ ಯಾರು? ಈ ಪದವನ್ನು ಟೀವಿಯಲ್ಲಿ ಕೇಳಿ ಕೇಳಿ ನಮಗೆಲ್ಲ ಒಂದೇ ಚಿತ್ರ ಕಣ್ಣ ಮುಂದೆ ಬರುತ್ತದೆ: ರಾತ್ರಿ ಹೊತ್ತು, ತಂತಿ ಬೇಲಿ, ನುಸುಳುವ ಜನ. ಕಾಯ್ದೆ ಹೇಳುವುದು ಅಷ್ಟನ್ನೇ ಅಲ್ಲ. ಅದರಲ್ಲಿ ಎರಡು ಬಗೆ ಇದೆ. ಸರಿಯಾದ ಪಾಸ್‌ಪೋರ್ಟ್ ಮತ್ತು ಬೇಕಾದ ಕಾಗದಗಳಿಲ್ಲದೆ ಒಳಗೆ ಬಂದ ವಿದೇಶಿ ಒಬ್ಬ. ಎಲ್ಲ ಕಾಗದ ಸರಿಯಾಗಿಟ್ಟುಕೊಂಡು ಬಂದು, ಕೊಟ್ಟ ಅವಧಿ ಮುಗಿದ ಮೇಲೂ ಉಳಿದ ವಿದೇಶಿ ಇನ್ನೊಬ್ಬ. ಕಾನೂನಿಗೆ ಇಬ್ಬರೂ ಒಂದೇ.

ಮೈಸೂರಿನವರಿಗೆ ಅರ್ಥವಾಗಲಿ ಎಂದು ಗೋಕುಲಂ ಉದಾಹರಣೆ ಕೊಡುತ್ತೇನೆ. ಯೋಗ ಕಲಿಯಲು ಅಲ್ಲಿಗೆ ಪ್ರಪಂಚದ ಎಲ್ಲ ಕಡೆಯಿಂದ ಜನ ಬರುತ್ತಾರೆ. ವೀಸಾ ಇರುತ್ತದೆ, ವಿಮಾನ ನಿಲ್ದಾಣದಲ್ಲಿ ಸೀಲು ಬೀಳುತ್ತದೆ, ಎಲ್ಲ ಸರಿಯಾಗಿಯೇ ಇರುತ್ತದೆ. ಅವರಲ್ಲಿ ಒಬ್ಬರು ಊರು ಇಷ್ಟವಾಗಿ, ವೀಸಾ ವಿಸ್ತರಣೆ ಮಾಡಿಸದೆ ಆರು ತಿಂಗಳು ಹೆಚ್ಚು ಉಳಿದರು ಎಂದುಕೊಳ್ಳಿ. ಆಗ ಅವರೂ ಬೇಲಿ ಹಾರಿ ಬಂದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನೋಂದಣಿ, ದೇಶೀಕರಣ ಎರಡೂ ಬಾಗಿಲುಗಳ ಮೇಲೆ 'ಅಕ್ರಮ ವಲಸಿಗರಿಗೆ ಪ್ರವೇಶವಿಲ್ಲ' ಎಂಬ ಬೋರ್ಡು ಇದೆ. ಇಲ್ಲಿನವರನ್ನು ಮದುವೆಯಾದರೂ ಆ ಬೋರ್ಡು ಕಳಚಿ ಬೀಳುವುದಿಲ್ಲ. ಅದಕ್ಕೇ ವಿದೇಶಿ ಸೊಸೆ ಅಥವಾ ಅಳಿಯ ಇರುವ ಮನೆಯವರಿಗೆ ನಾನು ಮೊದಲು ಹೇಳುವುದು ವೀಸಾ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನಲ್ಲಿ ಗುರುತು ಹಾಕಿ ಎಂದು.

ಈಗ ನಿಮ್ಮ ಬೇಕರಿ ಹುಡುಗನಿಗೆ ಬರೋಣ. ಅವನೂ ಪಾಸ್‌ಪೋರ್ಟ್ ಇಲ್ಲದೆ ಬಂದ, ಆದರೂ ಅಕ್ರಮ ವಲಸಿಗನಲ್ಲ. ಭಾರತ ನೇಪಾಳದ ನಡುವೆ 1950ರ ಜುಲೈ 31ರಂದು ಆದ ಒಪ್ಪಂದ ಇದಕ್ಕೆ ಕಾರಣ. ಎರಡೂ ದೇಶದವರು ಒಬ್ಬರ ನೆಲದಲ್ಲಿ ಇನ್ನೊಬ್ಬರು ಇದ್ದು, ದುಡಿದು, ವ್ಯಾಪಾರ ಮಾಡಬಹುದು. ನೇಪಾಳದವರು ನೇರವಾಗಿ ತಮ್ಮ ದೇಶದಿಂದ ಬಂದರೆ ನಮ್ಮಲ್ಲಿ ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. ಬೇಡವೇ ಬೇಡ ಎಂದ ಕಾಗದ ಇಲ್ಲದೇ ಹೋದರೆ ತಪ್ಪು ಎಲ್ಲಿಂದ ಬಂತು? ನಿಮ್ಮ ಹುಡುಗಿಯ ಅಮ್ಮ ಬಂದಿದ್ದೂ ಅದೇ ಗಡಿಯಿಂದಲೇ. ಇಬ್ಬರೂ ಒಂದೇ ಬಸ್ಸಿನಲ್ಲಿ ನೇಪಾಳ ಗಡಿಯ ಸುನೌಲಿ ದಾಟಿದ್ದರೂ ಆ ಹುಡುಗ ಸಕ್ರಮ, ಈ ತಾಯಿ ಅಕ್ರಮ. ನೋಡಿ, 'ದಾರಿ' ಎಂದರೆ ಮಣ್ಣಿನ ದಾರಿಯಲ್ಲ. ಯಾವ ದೇಶದವರಿಗೆ ಯಾವ ಕಾಗದ ಬೇಕು ಎಂದು ಸರ್ಕಾರ ಬರೆದಿಟ್ಟಿದೆಯಲ್ಲ, ಅದೇ ದಾರಿ.

ಆದರೆ ಅವನಿಗೆ "ಸಿಗುತ್ತದೆ" ಎಂಬ ಮಾತೂ ಪೂರ್ತಿ ಸರಿಯಲ್ಲ. ಭಾರತೀಯಳನ್ನು ಮದುವೆಯಾದ ವಿದೇಶಿ, ಇಲ್ಲಿ ಏಳು ವರ್ಷ ವಾಸ ಮಾಡಿದ ಮೇಲೆ ನೋಂದಣಿಗೆ ಅರ್ಜಿ ಹಾಕಬಹುದು. ಏಳು ವರ್ಷದ ಲೆಕ್ಕ ಹೀಗೆ: ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಬಿಡದೆ ಇಲ್ಲೇ ಇರಬೇಕು. ಅದರ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ ಇಲ್ಲಿ ಇದ್ದಿರಬೇಕು. ಆಮೇಲೂ ಅದು ಸರ್ಕಾರದ ವಿವೇಚನೆ. ಆನ್‌ಲೈನ್ ಅರ್ಜಿ, ಡಿಸಿ ಕಚೇರಿ, ಪೊಲೀಸ್ ವರದಿ, ರಾಜ್ಯದಿಂದ ಕೇಂದ್ರ ಗೃಹ ಇಲಾಖೆ, ಹೀಗೆ ಫೈಲು ಸಾಗುತ್ತದೆ. ಕೊನೆಗೆ ನೇಪಾಳದ ಪೌರತ್ವ ಬಿಡಬೇಕು. ನಮ್ಮಲ್ಲಿ ಎರಡು ದೇಶದ ಪೌರತ್ವ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ.

ಇಲ್ಲಿ ಒಂದು ಹಳ್ಳ ಇದೆ. ನಾನು ನೋಡಿದ ನೇಪಾಳಿ ಕೇಸುಗಳಲ್ಲಿ ಜಾಸ್ತಿ ಎಡವಿದ್ದು ಇಲ್ಲೇ. ಬಂದ ಹೊಸದರಲ್ಲಿ ಯಾರೋ ಪುಢಾರಿ "ಒಂದು ವೋಟರ್ ಕಾರ್ಡ್ ಮಾಡಿಸಿಬಿಡು, ರೇಷನ್ನಿಗೆ ಅನುಕೂಲ" ಎನ್ನುತ್ತಾನೆ. ಫಾರಂನಲ್ಲಿ 'ನಾನು ಭಾರತದ ಪ್ರಜೆ' ಎಂಬ ಸಾಲಿನ ಕೆಳಗೆ ಹುಡುಗ ಸಹಿ ಹಾಕುತ್ತಾನೆ, ಓದಿರುವುದಿಲ್ಲ. ಹತ್ತು ವರ್ಷದ ಮೇಲೆ ಪೌರತ್ವದ ಅರ್ಜಿ ಹಾಕಿದಾಗ ಆ ಕಾರ್ಡು ಎದ್ದು ಕೂರುತ್ತದೆ. ಮತದಾರರ ಪಟ್ಟಿಗೆ ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಪೌರತ್ವ ಕಾಯ್ದೆಯಡಿ ಸುಳ್ಳು ಹೇಳಿದರೆ ಐದು ವರ್ಷದವರೆಗೆ. ಸರಿಯಾದ ದಾರಿಯಲ್ಲಿ ಬಂದವನು ತಪ್ಪು ಕಾಗದದಿಂದ ಕೆಡುತ್ತಾನೆ. ಬೇಕರಿ ಹುಡುಗನಿಗೆ ಈ ಮಾತು ತಲುಪಿಸಿ. ಅವನ ಮಕ್ಕಳ ವಿಷಯದಲ್ಲಿ ಮಾತ್ರ ಚಿಂತೆ ಬೇಡ. ತಾಯಿ ಭಾರತೀಯಳು, ತಂದೆ ಅಕ್ರಮ ವಲಸಿಗನಲ್ಲ. ಇಲ್ಲೇ ಹುಟ್ಟಿದ್ದರೆ ಮಕ್ಕಳು ಹುಟ್ಟಿನಿಂದಲೇ ಭಾರತೀಯರು.

ನಿಮ್ಮ ನೆಂಟರು ಇನ್ನೊಂದು ಹೇಳಿರಬಹುದು: "ಸಿಎಎ ಬಂದಿದೆಯಲ್ಲ, ಬೌದ್ಧರಿಗೆ ಕೊಡುತ್ತಾರಂತೆ." ಬೈಲಕುಪ್ಪೆಯವರೂ ನನ್ನನ್ನು ಇದನ್ನು ಕೇಳಿದ್ದಾರೆ. ಸಿಎಎ ಎಂದರೆ ಪೌರತ್ವ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ. ಅದು ಅಕ್ರಮ ವಲಸಿಗ ಎಂಬ ವ್ಯಾಖ್ಯೆಯಿಂದ ಕೆಲವರನ್ನು ಹೊರಗೆ ತೆಗೆಯಿತು. ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು, ಅದೂ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನ ಈ ಮೂರು ದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದವರು. ಅವರಿಗೆ ದೇಶೀಕರಣಕ್ಕೆ ಹನ್ನೊಂದು ವರ್ಷದ ಬದಲು ಐದು ವರ್ಷದ ವಾಸ ಸಾಕು. ನಿಯಮಗಳು ಬಂದದ್ದು 2024ರ ಮಾರ್ಚ್ 11ರಂದು. ಬೌದ್ಧರ ಹೆಸರು ಪಟ್ಟಿಯಲ್ಲಿದೆ, ಟಿಬೆಟ್ ಇಲ್ಲ. ಶ್ರೀಲಂಕಾದ ಹಿಂದೂಗಳಿಗೂ ಇದು ಅನ್ವಯಿಸುವುದಿಲ್ಲ. ನಮ್ಮ ರಾಜ್ಯದಲ್ಲಿ ಇದು ಮುಖ್ಯವಾಗುವುದು ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಂಥ ಕಡೆ. ಅಲ್ಲಿರುವುದು ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು.

2025ರ ಸೆಪ್ಟೆಂಬರ್ 1ರಿಂದ ವಿದೇಶಿಯರ ಬಗ್ಗೆ ಹೊಸ ಕಾಯ್ದೆಯೂ ಬಂದಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳು ಹೋದವು. ಜೊತೆಗೆ ಬಂದ ವಿನಾಯಿತಿ ಆದೇಶದಲ್ಲಿ, ಅದೇ ಮೂರು ದೇಶಗಳ ಅದೇ ಸಮುದಾಯದವರಿಗೆ 2024ರ ಡಿಸೆಂಬರ್ 31 ಎಂಬ ತಾರೀಖು ಇದೆ. 2014, 2024. ಒಂದೇ ಅಂಕಿಯ ವ್ಯತ್ಯಾಸ, ಜನ ಗೊಂದಲ ಆಗದೆ ಇರುತ್ತಾರೆಯೇ? ಎರಡನೆಯದು ಕಾಗದವಿಲ್ಲದೆ ಇದ್ದದ್ದಕ್ಕೆ ಕೇಸು ಹಾಕುವುದಿಲ್ಲ ಎಂದಷ್ಟೇ. ಅದರಿಂದ ಪೌರತ್ವ ಬರುವುದಿಲ್ಲ. ಮನೆಯಿಂದ ಹೊರಗೆ ಹಾಕುವುದಿಲ್ಲ ಎನ್ನುವುದೇ ಬೇರೆ, ಮನೆ ನಿನ್ನ ಹೆಸರಿಗೆ ಮಾಡಿದ್ದೇನೆ ಎನ್ನುವುದೇ ಬೇರೆ, ಅಲ್ವಾ?

ಬಂದ ದಾರಿ, ಬಂದ ದಿನ ನೋಡಿ ಪೌರತ್ವ ಅಳೆಯುವುದು ಹೊಸದೇನೂ ಅಲ್ಲ. ಸಂವಿಧಾನದಲ್ಲೇ ಇದೆ. ದೇಶ ವಿಭಜನೆಯಾದಾಗ ಪಾಕಿಸ್ತಾನದಿಂದ 1948ರ ಜುಲೈ 19ಕ್ಕೆ ಮುಂಚೆ ಬಂದು ಇಲ್ಲಿ ನೆಲೆಸಿದವರಿಗೆ ಒಂದು ನಿಯಮ, ಆಮೇಲೆ ಬಂದವರಿಗೆ ನೋಂದಣಿ. ಬಾಂಗ್ಲಾದೇಶದ ಕಡೆಯಿಂದ ಅಸ್ಸಾಮಿಗೆ ಬಂದವರಿಗೆ ಪೌರತ್ವ ಕಾಯ್ದೆ 1966ರ ಜನವರಿ 1 ಮತ್ತು 1971ರ ಮಾರ್ಚ್ 25 ಎಂಬ ಎರಡು ಗೆರೆ ಎಳೆದಿದೆ. ಅದನ್ನು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 4:1ರ ಬಹುಮತದಲ್ಲಿ ಎತ್ತಿ ಹಿಡಿಯಿತು. ನಮ್ಮ ಸುಳ್ಯದ ಕಡೆ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರು ಇದ್ದಾರಲ್ಲ, ಅವರು 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಪ್ರಕಾರ ಬಂದವರು. ಅವರಿಗೆ ಪೌರತ್ವ ಸಿಕ್ಕಿತು. ಅದೇ ದ್ವೀಪದಿಂದ 1983ರ ಗಲಭೆ ನಂತರ ದೋಣಿಯಲ್ಲಿ ಬಂದವರು ತಮಿಳುನಾಡಿನ ಕ್ಯಾಂಪುಗಳಲ್ಲಿ ದಶಕಗಟ್ಟಲೆ ಕಾದಿದ್ದಾರೆ. ಆದರೆ ಅವರಲ್ಲೂ 1986ರಲ್ಲಿ ಮಂಡಪಂನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು "ನಾನು ಬಂದವಳಲ್ಲ, ಇಲ್ಲಿ ಹುಟ್ಟಿದವಳು" ಎಂದು ಮದ್ರಾಸ್ ಹೈಕೋರ್ಟಿಗೆ ಹೋಗಿ, 2022ರ ಆದೇಶದಿಂದ ಪಾಸ್‌ಪೋರ್ಟ್ ಪಡೆದಳು. 1987ರ ಜುಲೈಗೆ ಮುಂಚೆ ಹುಟ್ಟಿದ್ದೇ ಅವಳ ಬಲ.

ನಿಮ್ಮ ಹುಡುಗಿಯ ಅಪ್ಪನಿಗೂ ಅದೇ ಬಲ. ಇದು ನನ್ನ ಸ್ವಂತ ವಾದ ಅಲ್ಲ. ದೆಹಲಿ ಹೈಕೋರ್ಟ್ 2010ರ ಡಿಸೆಂಬರಿನಲ್ಲಿ, ಇಲ್ಲೇ ಹುಟ್ಟಿದ ಟಿಬೆಟನ್ ಯುವತಿಯೊಬ್ಬಳ ಕೇಸಿನಲ್ಲಿ ಇದನ್ನು ಹೇಳಿತು. "ಆಕೆಯೇ ತನ್ನನ್ನು ಟಿಬೆಟನ್ ಎಂದು ಬರೆದುಕೊಂಡಿದ್ದಾಳಲ್ಲ" ಎಂಬ ಸರ್ಕಾರದ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಫಾರಂನಲ್ಲಿ ಹಾಗೆ ಬರೆದ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಬಿಟ್ಟುಹೋಗುವುದಿಲ್ಲ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಟಿಬೆಟನ್ ಧರ್ಮಗುರುವೊಬ್ಬರ ಕೇಸಿನಲ್ಲಿ ಇದೇ ಹೇಳಿತು. 2014ರಲ್ಲಿ ಚುನಾವಣಾ ಆಯೋಗ, 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಬಹುದು ಎಂದು ರಾಜ್ಯಗಳಿಗೆ ತಿಳಿಸಿತು. ಆದರೂ ಪಾಸ್‌ಪೋರ್ಟ್ ಕೊಡುವಾಗ ತಕರಾರು ನಿಲ್ಲಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮತ್ತೆ ಹೇಳಬೇಕಾಯಿತು. 2017ರಲ್ಲಿ ವಿದೇಶಾಂಗ ಇಲಾಖೆ ದಾರಿ ಬಿಟ್ಟಿತು, ಆದರೆ ಷರತ್ತು ಹಾಕಿತು. ಆರ್‌ಸಿ ಪುಸ್ತಕ (ಟಿಬೆಟನ್ನರು ಇಲ್ಲಿ ಇರಲು ಸರ್ಕಾರ ಕೊಡುವ ನೋಂದಣಿ ಪುಸ್ತಕ) ಮತ್ತು ಹಳದಿ ಐಸಿ ಪುಸ್ತಕ (ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಕೊಡುವುದು) ವಾಪಸ್ ಕೊಡಬೇಕು. ಟಿಬೆಟನ್ ಕ್ಯಾಂಪಿನಲ್ಲಿ ವಾಸ ಬಿಡಬೇಕು, ಇಲ್ಲಿರುವ ಟಿಬೆಟನ್ನರು ತಾವೇ ನಡೆಸುವ ಆಡಳಿತದ ಸವಲತ್ತು ಬಿಡಬೇಕು ಎಂದು ಬರೆದುಕೊಡಬೇಕು.

ಈ ಷರತ್ತಿನ ಭಾರ ನಿಮಗೆ ಅರ್ಥವಾಗಲಿ. ಬೈಲಕುಪ್ಪೆಯ ಜಮೀನು ಆಗಿನ ಮೈಸೂರು ಸರ್ಕಾರ ನಿರಾಶ್ರಿತರಿಗೆ ಕೊಟ್ಟದ್ದು, 1960ರ ಸುಮಾರಿಗೆ. ಅವತ್ತು ಅದು ಕಾಡು. ಮಂಜಿನ ದೇಶದಿಂದ ಬಂದವರು ಮರ ಕಡಿದು, ಆನೆ ಓಡಿಸಿ, ಜೋಳ ಬೆಳೆದರು. ನಾವು ಇವತ್ತು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಚಿನ್ನದ ದೇವಸ್ಥಾನ ನೋಡಿ, ಮೊಮೊ ತಿಂದು ಬರುತ್ತೇವೆ. ಆ ಗುಡಿಯ ಹಿಂದಿನ ಸಾಲು ಮನೆಗಳಲ್ಲಿರುವ ಎಷ್ಟೋ ಜನ 1987ಕ್ಕೆ ಮುಂಚೆ ಇಲ್ಲೇ ಹುಟ್ಟಿದವರು, ಕಾನೂನಿನ ಪ್ರಕಾರ ಭಾರತೀಯರು. ಆದರೆ ಅದನ್ನು ಕೇಳಿ ತೆಗೆದುಕೊಂಡಿಲ್ಲ. ಕೆಲವರಿಗೆ ಮನೆ, ಜಮೀನಿನ ಚಿಂತೆ. ಕೆಲವರಿಗೆ ಮನಸ್ಸು ಒಪ್ಪದು. ಒಬ್ಬ ಅಜ್ಜ ನನ್ನ ಟೇಬಲ್ ಮುಂದೆ ಕೂತು ಹೇಳಿದರು: "ಪುಸ್ತಕ ಕೊಟ್ಟುಬಿಟ್ಟರೆ ನಮ್ಮ ಊರಿಗೆ ವಾಪಸ್ ಹೋಗ್ತೀವಿ ಅನ್ನೋ ಮಾತು ಸುಳ್ಳಾಗುತ್ತಲ್ಲ?" ನಾನು ಏನು ಉತ್ತರ ಕೊಡಲಿ? ಫೀಸು ಬೇಡ ಎಂದು ಕಾಫಿ ಕೊಟ್ಟು ಕಳಿಸಿದೆ.

ಹಾಗಾಗಿ ಹುಡುಗಿಯ ಅಪ್ಪ ತಮ್ಮ ಪೌರತ್ವದ ಕಾಗದ ಮಾಡಿಸಿಕೊಂಡೇ ಇಲ್ಲದಿರಬಹುದು. ಪರವಾಗಿಲ್ಲ. ಕಾಯ್ದೆ ಕೇಳುವುದು 1996ರಲ್ಲಿ ಅವರು ಭಾರತೀಯರಾಗಿದ್ದರೇ ಎಂದು. ಕೈಯಲ್ಲಿ ಪಾಸ್‌ಪೋರ್ಟ್ ಇತ್ತೇ ಎಂದು ಕೇಳುವುದಿಲ್ಲ. ಬೇಕಾದದ್ದು ಅವರು 1966ರಲ್ಲಿ ಇಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿ. ಆ ಕಾಲದಲ್ಲಿ ಡೇರೆ, ಗುಡಿಸಲಲ್ಲಿ ಹೆರಿಗೆ ಆಗುತ್ತಿತ್ತು. ನೋಂದಣಿ ಮಾಡಿಸಿದವರು ಕಡಿಮೆ. ನಮ್ಮ ಹಳ್ಳಿಗಳಲ್ಲೂ ಅದೇ ಕಥೆ ಬಿಡಿ, ನನ್ನ ಸ್ವಂತ ಅಣ್ಣನ ಜನ್ಮದಿನ ಮೇಷ್ಟ್ರು ಬರೆದದ್ದು. ಶಾಲೆಯ ದಾಖಲೆ, ಹಳೆಯ ಆರ್‌ಸಿ ಪುಸ್ತಕ ಇವು ಕೈ ಹಿಡಿಯುತ್ತವೆ. ಜನನ ನೋಂದಣಿ ಇಲ್ಲದಿದ್ದರೆ ತಡವಾಗಿಯೂ ಮಾಡಿಸಬಹುದು. 2023ರ ತಿದ್ದುಪಡಿಯ ನಂತರ ಒಂದು ವರ್ಷ ದಾಟಿದ ಜನನಕ್ಕೆ ಜಿಲ್ಲಾ ದಂಡಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ದಂಡಾಧಿಕಾರಿಯ ಆದೇಶ ಬೇಕು.

ಒಂದು ವಿಷಯ ಎಚ್ಚರ. 1980, 90ರ ದಶಕದಲ್ಲಿ ಹೊಸದಾಗಿ ಬಂದ ಟಿಬೆಟನ್ನರಿಗೆ ಆರ್‌ಸಿ ಸಿಗುವುದು ಕಷ್ಟವಿತ್ತು. ಹಾಗಾಗಿ ಕೆಲವರು "ಇಲ್ಲೇ ಹುಟ್ಟಿದ್ದು" ಎಂದು ಬರೆಸಿಕೊಂಡು ಪುಸ್ತಕ ಮಾಡಿಸಿದರು. ಹುಡುಗಿಯ ಅಮ್ಮನ ಪುಸ್ತಕದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. 'ಜನ್ಮಸ್ಥಳ ಬೈಲಕುಪ್ಪೆ' ಎಂದಿದ್ದರೆ, ಅದನ್ನು ತೋರಿಸಿ ತಮ್ಮನಿಗೆ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಏಜೆಂಟ್ ಬಂದೇ ಬರುತ್ತಾನೆ. ಬಾಗಿಲು ಹಾಕಿ. ಇವತ್ತು ಒಬ್ಬರ ತಪ್ಪು ಮಾಹಿತಿ ಹೊರಬಿದ್ದರೆ ಅಪ್ಪನ ನಿಜವಾದ ದಾಖಲೆಯ ಮೇಲೂ ಅನುಮಾನ ಬೀಳುತ್ತದೆ. ಅಕ್ಕನ ಕೇಸೂ ಕೆಡುತ್ತದೆ. ಅಮ್ಮ ತನ್ನ ಆರ್‌ಸಿಯನ್ನು ಗಡುವಿಗೆ ಮುಂಚೆ ನವೀಕರಿಸುತ್ತಾ ಇರಲಿ. ಆದರೆ ಅದು ಇರಲು ಕೊಟ್ಟ ಅನುಮತಿ. ಸರಿಯಾಗಿ ಬಂದರು ಎಂಬ ಪ್ರಮಾಣಪತ್ರ ಅಲ್ಲ. ಆಧಾರ್ ಕೂಡ ಹಾಗೇ. ಅದು ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ.

ತಮ್ಮನಿಗೆ ಏನೂ ದಾರಿ ಇಲ್ಲವೇ? ಇದೆ, ಉದ್ದದ ದಾರಿ. ಅಕ್ರಮ ವಲಸಿಗ ಎಂದರೆ ಒಳಗೆ 'ಬಂದ' ವಿದೇಶಿ. ಇಲ್ಲೇ ಹುಟ್ಟಿದ ಹುಡುಗ ಎಲ್ಲಿಂದ ಬಂದ? 2006ರಲ್ಲಿ ಆಂಧ್ರದಲ್ಲಿ, ವಿದೇಶಿ ಪೌರತ್ವ ಪಡೆದಿದ್ದ ಅಪ್ಪ ಅಮ್ಮನಿಗೆ ಹುಟ್ಟಿದ ಹುಡುಗಿಯೊಬ್ಬಳ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2024ರಲ್ಲಿ ಅವಳು ಅಕ್ರಮ ವಲಸಿಗಳಲ್ಲ ಎಂದಿತು. ಸಂಗತಿಗಳು ಬೇರೆ, ಆದರೆ ತರ್ಕ ತಮ್ಮನಿಗೂ ಉಪಯೋಗಕ್ಕೆ ಬರುತ್ತದೆ. ಆ ತರ್ಕ ನಿಂತರೆ ದೇಶೀಕರಣದ ಬಾಗಿಲು ತೆರೆಯುತ್ತದೆ: ಅರ್ಜಿಗೆ ಮುಂಚಿನ ಒಂದು ವರ್ಷ ಬಿಡದೆ, ಅದರ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ವರ್ಷ ಇಲ್ಲಿ ವಾಸ. ಅವನು ಹುಟ್ಟಿದಾಗಿನಿಂದ ಇಲ್ಲೇ ಇದ್ದಾನೆ, ವರ್ಷಗಳಿಗೆ ಕೊರತೆ ಇಲ್ಲ. ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು ಎಂಬ ಷರತ್ತೂ ಇದೆ. ಟಿಬೆಟನ್ ಆ ಪಟ್ಟಿಯಲ್ಲಿಲ್ಲ. ಕನ್ನಡ ಇದೆಯಲ್ಲ, ಪಿರಿಯಾಪಟ್ಟಣದ ಹುಡುಗನಿಗೆ ಅದೊಂದು ಪರೀಕ್ಷೆಯೇ! ಅಪ್ಪನ ಪೌರತ್ವ ಕಾಗದದಲ್ಲಿ ಗಟ್ಟಿಯಾದರೆ ತಮ್ಮನ ಅರ್ಜಿಗೂ ತೂಕ ಬರುತ್ತದೆ. ಅದಕ್ಕೇ ಅಪ್ಪನ ಕೆಲಸ ಮೊದಲು, ಮಗಳದ್ದು ಆಮೇಲೆ, ಮಗನದ್ದು ಕೊನೆಗೆ.

ಮೊಮ್ಮಕ್ಕಳ ಚಿಂತೆ ಬಿಡಿ. ನಿಮ್ಮ ಮಗ ಭಾರತೀಯ, ಸೊಸೆಯೂ ಹುಟ್ಟಿನಿಂದ ಭಾರತೀಯಳು. ಅಪ್ಪ ಅಮ್ಮ ಇಬ್ಬರೂ ಭಾರತೀಯರಾದ ಮಗುವಿಗೆ ಅಜ್ಜಿ ಬಂದ ದಾರಿಯನ್ನು ಯಾವ ಕಾನೂನೂ ಕೇಳುವುದಿಲ್ಲ. ಮದುವೆಗೂ ತೊಡಕಿಲ್ಲ. ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆ. ಶಾಸ್ತ್ರ ಬೇಡ ಎನ್ನುವುದಾದರೆ ವಿಶೇಷ ವಿವಾಹ ಕಾಯ್ದೆಯಲ್ಲಿ ಮೂವತ್ತು ದಿನದ ನೋಟಿಸ್ ಕೊಟ್ಟು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗಬಹುದು.

ಒಂದೇ ಒಂದು ತಪ್ಪು ಮಾಡಬೇಡಿ. ಯಾರೋ ಹೇಳಿದರು ಎಂದು 'ಭಾರತೀಯನ ಹೆಂಡತಿ' ಎಂದು ನೋಂದಣಿಗೆ ಅರ್ಜಿ ಹಾಕಬೇಡಿ. ಹಾಗೆ ಹಾಕಿದರೆ "ನಾನು ವಿದೇಶಿ" ಎಂದು ಹುಡುಗಿಯೇ ಸಹಿ 
ಮಾಡಿಕೊಟ್ಟ ಹಾಗೆ. ಇರುವ ಹಕ್ಕನ್ನು ಬಿಟ್ಟು ಭಿಕ್ಷೆ ಕೇಳಿದ ಹಾಗೆ. ಅವಳು ಹೋಗಬೇಕಾದ್ದು ಹುಟ್ಟಿನಿಂದ ಭಾರತೀಯಳು ಎಂದು ಪಾಸ್‌ಪೋರ್ಟಿಗೆ. ಮೊದಲ ಸಲ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಹೈಕೋರ್ಟಿಗೆ ಹೋಗಬೇಕಾದರೆ ಆ ಕಾಗದವೇ ಬುನಾದಿ.

ಸದ್ಯಕ್ಕೆ ಮುಂದಿನ ಭಾನುವಾರ ಹುಡುಗಿಯ ಮನೆಗೆ ಹೋಗಿ ಬನ್ನಿ. ಹೇಗೂ ಸಂಬಂಧ ನೋಡಲು ಹೋಗಲೇಬೇಕಲ್ಲ. ಊಟ ಆದ ಮೇಲೆ ಅವಳ ಅಪ್ಪನ ಹತ್ತಿರ ಅತಿ ಹಳೆಯ ಆರ್‌ಸಿ ಪುಸ್ತಕ ಮತ್ತು ಶಾಲೆಯ ಟಿಸಿ ಇದೆಯೇ ಕೇಳಿ. ಎರಡರಲ್ಲೂ ಹುಟ್ಟಿದ ಸ್ಥಳ, ಹುಟ್ಟಿದ ತಾರೀಖು ಒಂದೇ ಇದೆಯೇ ನೋಡಿ. ಬೇರೆ ಬೇರೆ ಇದ್ದರೆ ಯಾವುದನ್ನೂ ತಿದ್ದಿಸಲು ಹೋಗದೆ, ಇದ್ದ ಹಾಗೇ ಜೆರಾಕ್ಸ್ ಮಾಡಿಸಿ ತನ್ನಿ.